ಸಣ್ಣ ಕಟ್ಟಡ ಗುತ್ತಿಗೆ ಶುರುಮಾಡುವುದು ಹೇಗೆ: ಅಳತೆ, ಕರಾರು, ಬಟವಾಡೆ, ಮೋಲ್ಡ್

ಹತ್ತು ವರ್ಷ ಇನ್ನೊಬ್ಬರ ಕೈಕೆಳಗೆ ಗಾರೆ ಕೆಲಸ ಮಾಡಿದ ಮೇಸ್ತ್ರಿ ಇರಲಿ, ಡಿಪ್ಲೊಮಾ ಸಿವಿಲ್ ಮುಗಿಸಿ ಮೂರ್ನಾಲ್ಕು ವರ್ಷ ಸೈಟ್ ನೋಡಿಕೊಂಡ ಇಂಜಿನಿಯರ್ ಇರಲಿ, ಸ್ವಂತ ಗುತ್ತಿಗೆಗೆ ಇಳಿದಾಗ ಎಡವುವ ಜಾಗ ಒಂದೇ. ಗೋಡೆ ಸೊಟ್ಟಗಾಯಿತು ಎಂದು ಈ ವ್ಯವಹಾರ ಬಿಟ್ಟವರು ಕಡಿಮೆ. ಹಣ ಮೊದಲು ಕೈಯಿಂದ ಹೋಗುತ್ತದೆ, ಆಮೇಲೆ ಬರುತ್ತದೆ. ನಡುವಿನ ಆ ಅಂತರವನ್ನು ಲೆಕ್ಕ ಹಾಕದೆ ಕೆಲಸ ಹಿಡಿದವರು ಎರಡು-ಮೂರು ಮನೆ ಮುಗಿಯುವ ಹೊತ್ತಿಗೆ ಸಿಮೆಂಟ್ ಅಂಗಡಿಗೂ ಕಬ್ಬಿಣದ ಅಂಗಡಿಗೂ ಆಳುಗಳಿಗೂ ಸಾಲಗಾರರಾಗಿರುತ್ತಾರೆ. ಹಾಗಾಗಿ ಇಲ್ಲಿ ಕಟ್ಟುವ ಕೆಲಸದಷ್ಟೇ ಜಾಗ ಲೆಕ್ಕಕ್ಕೂ ಕರಾರಿಗೂ ಕೊಟ್ಟಿದೆ. ಉದಾಹರಣೆಗೆ ಉದ್ದಕ್ಕೂ ಒಂದೇ ಮನೆ ಇಟ್ಟುಕೊಳ್ಳೋಣ: 30x40 ಸೈಟಿನಲ್ಲಿ 900 ಚದರಡಿಯ, ಅಂದರೆ 9 ಚದರದ, ಒಂದೇ ಅಂತಸ್ತಿನ ಮನೆ.

ಮೊದಲ ಎರಡು ಮನೆ ಕೂಲಿ ಗುತ್ತಿಗೆಯೇ ಆಗಲಿ

ಮನೆ ಗುತ್ತಿಗೆಯಲ್ಲಿ ಎರಡು ದಾರಿ. ಲೇಬರ್ ಕಂಟ್ರಾಕ್ಟ್‌ನಲ್ಲಿ ಸಾಮಾನೆಲ್ಲ ಮಾಲೀಕರದು. ಆಳು, ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊರುವ ಶೀಟು, ಕಂಬ), ಹತಾರ ನಿಮ್ಮದು. ವಿತ್ ಮೆಟೀರಿಯಲ್ ಅಂದರೆ ಪಾಯದಿಂದ ಬಣ್ಣದವರೆಗೆ ಎಲ್ಲವೂ ನಿಮ್ಮ ತಲೆಯ ಮೇಲೆ. ಎರಡನೆಯದರಲ್ಲಿ ಲಾಭ ಹೆಚ್ಚು ಕಾಣುತ್ತದೆ, ಅದೇ ಆಸೆಗೆ ಹೊಸಬರು ಅದಕ್ಕೆ ಕೈಹಾಕುತ್ತಾರೆ. ಕರಾರು ಮಾಡಿದ ಮೇಲೆ ಕಬ್ಬಿಣದ ರೇಟು ಏರಿದರೆ, ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಲಾರಿಗಳು ಮುಷ್ಕರ ಹೂಡಿ ನಿಂತರೆ ಆ ನಷ್ಟವೂ ಪೂರ್ತಿ ನಿಮ್ಮದೇ.

ಕೂಲಿ ಗುತ್ತಿಗೆಗೆ ಬೇಕಾದ ಬಂಡವಾಳ ಚಿಕ್ಕದು. ಇಬ್ಬರು ಗಾರೆಯವರು, ಮೂವರು ಹೆಲ್ಪರ್ ಇರುವ ತಂಡಕ್ಕೆ ವಾರಕ್ಕೆ ಎಷ್ಟು ಬಟವಾಡೆ ಬೀಳುತ್ತದೆಯೋ ಅದರ ನಾಲ್ಕರಷ್ಟು ಬ್ಯಾಂಕಿನಲ್ಲಿ ಇರಲಿ. ಮಾಲೀಕರ ಕಂತು ಮೂರು ವಾರ ತಡವಾದರೂ ಆಳು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಲು ಅಷ್ಟು ಸಾಕು.

ಹತಾರಗಳಲ್ಲಿ ಕೊಳ್ಳಬೇಕಾದವು ಕೆಲವೇ: ಬಾಂಡ್ಲಿ, ಸಲಿಕೆ, ಹಾರೆ, ರಸಮಟ್ಟ, ತೂಗುಗುಂಡು, ಮಟ್ಟದ ಪೈಪು, 30 ಮೀಟರ್ ಟೇಪು, ಕಟಿಂಗ್ ಮೆಷಿನ್, ನೀರಿನ ಡ್ರಮ್ಮು, ಮತ್ತು 30 ಮಿಲಿಆಂಪ್‌ನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್ಚು) ಇರುವ ಒಂದು ಒಳ್ಳೆಯ ಕರೆಂಟ್ ಬೋರ್ಡು. ಕೊನೆಯದನ್ನು ಬಿಟ್ಟು ಉಳಿದುದನ್ನೆಲ್ಲ ಎಲ್ಲರೂ ಕೊಳ್ಳುತ್ತಾರೆ. ಒದ್ದೆ ನೆಲದಲ್ಲಿ ವೈಬ್ರೇಟರ್, ಮೋಟಾರು, ಕಟಿಂಗ್ ಮೆಷಿನ್ ಓಡುವ ಸೈಟಿನಲ್ಲಿ ಆಳಿನ ಜೀವ ಉಳಿಸುವುದು ಅದೊಂದೇ.

ಸೆಂಟ್ರಿಂಗ್ ಸಾಮಾನು, ಮಿಕ್ಸರ್, ವೈಬ್ರೇಟರ್ ಇವೆಲ್ಲ ಬಾಡಿಗೆಗೇ ಇರಲಿ. 900 ಚದರಡಿ ಮೋಲ್ಡ್‌ಗೆ, ಅಂದರೆ ತಾರಸಿಯ ಕಾಂಕ್ರೀಟಿಗೆ, 3x2 ಅಡಿಯ ಶೀಟು ಸುಮಾರು 150 ಬೇಕು. ಮೂರಡಿಗೊಂದು ಜಾಕಿ (ಶೀಟು ಹೊರುವ ಕಂಬ) ಅಂದರೆ 100. ಅಷ್ಟು ಸಾಮಾನು ಸ್ವಂತಕ್ಕೆ ತಂದರೆ ವರ್ಷದಲ್ಲಿ ಆರೇಳು ಮೋಲ್ಡ್ ಆದರೂ ಬೀಳಬೇಕು. ಇಲ್ಲದಿದ್ದರೆ ಗೋಡೌನ್ ಬಾಡಿಗೆ ಕಟ್ಟುತ್ತಾ ತುಕ್ಕು ಹಿಡಿಸುತ್ತಾ ಕೂರಬೇಕಾಗುತ್ತದೆ.

ಕಾಗದಪತ್ರ

ಒಬ್ಬರೇ ಮಾಲೀಕರಾಗಿರುವ ಸಂಸ್ಥೆಗೆ ನಿಮ್ಮ ಪ್ಯಾನ್ ಸಾಕು. ಆಧಾರ್, ಪ್ಯಾನ್ ಇಟ್ಟುಕೊಂಡು ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಳ್ಳಿ. ಅದಕ್ಕೆ ಶುಲ್ಕವಿಲ್ಲ, ಯಾವ ಏಜೆಂಟರಿಗೂ ದುಡ್ಡು ಕೊಡಬೇಡಿ. ಆ ಪ್ರಮಾಣಪತ್ರದ ಮೇಲೆ ಸಂಸ್ಥೆಯ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯಿರಿ. ಮುದ್ರಾ ಸಾಲ ಕೇಳಲು ಹೋದರೂ ಬ್ಯಾಂಕಿನವರು ಮೊದಲು ನೋಡುವುದು ಆ ಖಾತೆಯ ಆರು ತಿಂಗಳ ವಹಿವಾಟನ್ನು. ಗುತ್ತಿಗೆ ಹಣ, ಮನೆ ಖರ್ಚು ಎರಡೂ ಒಂದೇ ಖಾತೆಯಲ್ಲಿ ಬೆರೆತರೆ ಯಾವ ಸೈಟಿನಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂಬುದು ನಿಮಗೇ ತಿಳಿಯುವುದಿಲ್ಲ.

ಜಿಎಸ್‌ಟಿ ವಿಷಯ ಸ್ವಲ್ಪ ನಿಧಾನವಾಗಿ ತಿಳಿದುಕೊಳ್ಳಿ. ಒಂಟಿ ಮನೆಯ ಹೊಸ ನಿರ್ಮಾಣವನ್ನು ಬರೀ ಕೂಲಿಗೆ ಮಾಡಿದರೆ ಅದಕ್ಕೆ ವಿನಾಯಿತಿ ಇದೆ. ಸಾಮಾನು ಸೇರಿದ ಗುತ್ತಿಗೆಗೆ ಶೇ. 18. ಹಳೆ ಮನೆಯ ರಿಪೇರಿ, ನವೀಕರಣದ ಕೂಲಿಗೆ ಈ ವಿನಾಯಿತಿ ಸಿಗದು. ಸೇವೆ ಕೊಡುವವರಿಗೆ ವರ್ಷದ ವಹಿವಾಟು ₹20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ತೆರಿಗೆ ಬೀಳುವ ಕೆಲಸವೂ ಜೊತೆಗಿದ್ದರೆ ವಿನಾಯಿತಿ ಇರುವ ಕೂಲಿ ಹಣವೂ ಆ ಮೊತ್ತಕ್ಕೆ ಸೇರುತ್ತದೆ. ಸಾಮಾನು ಸೇರಿಸಿ ಎರಡು ಮನೆ ಹಿಡಿದರೆ ಗಡಿ ದಾಟಿದ ಹಾಗೆಯೇ. ಹಾಗಾಗಿ ಕೊಟೇಶನ್‌ನಲ್ಲೇ "ಜಿಎಸ್‌ಟಿ ಪ್ರತ್ಯೇಕ" ಎಂದು ಬರೆಯಿರಿ. ಬಾಯಿಮಾತಿಗೆ ಒಪ್ಪಿದ ಮೊತ್ತದಲ್ಲಿ ಆಮೇಲೆ ಶೇ. 18 ಕಟ್ಟಬೇಕಾಗಿ ಬಂದರೆ ಲಾಭದ ಜೊತೆ ಅಸಲೂ ಹೋಗುತ್ತದೆ. ತಿಂಗಳಿಗೊಮ್ಮೆ ಆಡಿಟರಿಗೆ ಬಿಲ್ಲು ತೋರಿಸುವ ಅಭ್ಯಾಸ ಮೊದಲ ದಿನದಿಂದಲೇ ಬರಲಿ.

ಪ್ಲಾನ್ ಮಂಜೂರಾತಿ, ಖಾತಾ, ಕಾರ್ಮಿಕ ಸೆಸ್ ಇವೆಲ್ಲ ಮಾಲೀಕರ ಹೊಣೆ. ಆದರೂ ಗುದ್ದಲಿ ಪೂಜೆಗೆ ಮುಂಚೆ ಮಂಜೂರಾದ ಪ್ಲಾನಿನ ಪ್ರತಿ ಕೇಳಿ ತೆಗೆದುಕೊಳ್ಳಿ. ಸ್ವಾಧೀನ ಪತ್ರ (ಒಸಿ) ನೋಡದೆ ಕರೆಂಟು, ನೀರಿನ ಕಾಯಂ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ, ಪ್ಲಾನ್ ಮೀರಿ ಕಟ್ಟಿದ ಮನೆಗಳಿಗೆ ಮೀಟರ್ ಸಿಗುವುದು ಕಷ್ಟವಾಯಿತು. ಮೀಟರ್ ಬರಲಿಲ್ಲ ಎಂದು ಮಾಲೀಕರು ತಡೆಹಿಡಿಯುವುದು ನಿಮ್ಮ ಕೊನೆಯ ಕಂತನ್ನು.

ಅಳತೆ ಮತ್ತು ರೇಟು

"ಚದರಕ್ಕೆ ಎಷ್ಟು?" ಎಂಬುದು ಮಾಲೀಕರ ಮೊದಲ ಪ್ರಶ್ನೆ. ಪಕ್ಕದ ಬೀದಿಯ ಕಂಟ್ರಾಕ್ಟರ್ ಹೇಳಿದ್ದಕ್ಕಿಂತ ಚದರಡಿಗೆ ₹50 ಕಡಿಮೆ ಹೇಳಿಬಿಡುವುದು ಹೊಸಬರ ಚಾಳಿ. ಸ್ಟ್ರಕ್ಚರಲ್ ಡ್ರಾಯಿಂಗ್ ಕೈಗೆ ಬರುವ ತನಕ ರೇಟು ಹೇಳಬೇಡಿ. ಕಪ್ಪು ಮಣ್ಣಿನ ಸೈಟಿನಲ್ಲಿ ಪಾಯ ಏಳು ಅಡಿ ಇಳಿಯಬಹುದು. ಗಟ್ಟಿ ಕೆಂಪು ಮಣ್ಣಿನಲ್ಲಿ ಐದಕ್ಕೇ ನಿಲ್ಲಬಹುದು. ರಸ್ತೆಗಿಂತ ಮೂರಡಿ ತಗ್ಗಿನ ಸೈಟಾದರೆ ಮಣ್ಣು ತುಂಬಿಸುವ ಖರ್ಚೇ ಬೇರೆ. ಚದರದ ರೇಟಿನೊಳಗೆ ಇದು ಯಾವುದೂ ಕಾಣುವುದಿಲ್ಲ.

ಪ್ರತಿ ಐಟಂ ಅಳೆಯಿರಿ. ಕೆಲವು ಲೆಕ್ಕ ಬಾಯಲ್ಲೇ ಇರಲಿ.

ಗೋಡೆ: 16x8x6 ಇಂಚಿನ ಸಾಲಿಡ್ ಬ್ಲಾಕು 100 ಚದರಡಿಗೆ ಸುಮಾರು 105 ಹಿಡಿಯುತ್ತದೆ; ಒಡೆಯುವುದು, ಕತ್ತರಿಸುವುದು ಸೇರಿ 110 ತರಿಸಿ. ಗಾರೆಗೆ 1:6ರಲ್ಲಿ (ಸಿಮೆಂಟ್ ಒಂದು ಪಾಲು, ಮರಳು ಆರು) ಅರ್ಧ ಮೂಟೆಗಿಂತ ತುಸು ಹೆಚ್ಚು ಸಿಮೆಂಟ್. ಬಾಗಿಲು, ಕಿಟಕಿಯ ಜಾಗ ಕಳೆಯಿರಿ. ಆದರೆ ಕೂಲಿಯವರು ಸಾಮಾನ್ಯವಾಗಿ ಕಳೆಯಲು ಒಪ್ಪುವುದಿಲ್ಲ, ಅದನ್ನು ಮೊದಲೇ ಮಾತಾಡಿಕೊಳ್ಳಿ.

ಪ್ಲಾಸ್ಟರ್: 12 ಎಂಎಂ ದಪ್ಪ, 1:6, 100 ಚದರಡಿಗೆ ಮೂಟೆಯ ಮೂರನೇ ಎರಡು ಭಾಗ ಸಿಮೆಂಟ್, ಸುಮಾರು 5 ಘನಅಡಿ ಮರಳು. ಗೋಡೆ ತೂಗುಗುಂಡಿಗೆ ಸರಿಯಾಗಿ ನಿಂತಿರದಿದ್ದರೆ ಇದೇ ಪ್ಲಾಸ್ಟರ್ 25 ಎಂಎಂ ಆಗಿ ಸಿಮೆಂಟ್ ಇಮ್ಮಡಿ ನುಂಗುತ್ತದೆ. ಗಾರೆಯವರು ಕಟ್ಟುವಾಗ ಮಾಡಿದ ಸೊಟ್ಟಕ್ಕೆ ನೀವು ತೆರುವ ಬೆಲೆ ಇದು.

ಮೋಲ್ಡ್: 900 ಚದರಡಿ, 5 ಇಂಚು ದಪ್ಪ ಅಂದರೆ 375 ಘನಅಡಿ, ಸುಮಾರು 10.6 ಘನಮೀಟರ್. ಎಂ20 ದರ್ಜೆಯ ಕಾಂಕ್ರೀಟಿಗೆ, ಅಂದರೆ ಸಿಮೆಂಟ್, ಮರಳು, ಜಲ್ಲಿ 1:1½:3ಕ್ಕೆ, ಘನಮೀಟರಿಗೆ 8 ಮೂಟೆಯಂತೆ 85 ಮೂಟೆ ಸಿಮೆಂಟ್, 160 ಘನಅಡಿ ಮರಳು, 320 ಘನಅಡಿ 20 ಎಂಎಂ ಜಲ್ಲಿ. ಭೀಮು (ಸ್ಲ್ಯಾಬನ್ನು ಹೊರುವ ತೊಲೆ) ಇದರಲ್ಲಿ ಸೇರಿಲ್ಲ, ಅದನ್ನು ಬೇರೆಯಾಗಿ ಹಾಕಿ.

ಕಬ್ಬಿಣ: ವ್ಯಾಸವನ್ನು ಎಂಎಂನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕೆಜಿ ಎಂದು ಬರುತ್ತದೆ. 12 ಮೀಟರ್ ಉದ್ದದ ಸರಳು 8 ಎಂಎಂ ಆದರೆ 4.74 ಕೆಜಿ, 10 ಎಂಎಂ 7.4, 12 ಎಂಎಂ 10.66, 16 ಎಂಎಂ 18.96. ಚದರಡಿಗೆ ಇಷ್ಟು ಕೆಜಿ ಎಂಬ ಬೀದಿ ಲೆಕ್ಕ ನಂಬಿ ಕೊಟೇಶನ್ ಕೊಡಬೇಡಿ. ಡ್ರಾಯಿಂಗ್ ನೋಡಿ ಸರಳು ಎಣಿಸಿ.

ಕೂಲಿಗೆ ಪುಸ್ತಕದ ಲೆಕ್ಕಕ್ಕಿಂತ ನಿಮ್ಮ ತಂಡದ್ದೇ ಲೆಕ್ಕ ಬೇಕು. ಒಂದು ವಾರ ಸಂಜೆ ಸಂಜೆ ಟೇಪು ಹಿಡಿದು ಎಷ್ಟು ಚದರಡಿ ಗೋಡೆ ಎದ್ದಿತು, ಎಷ್ಟು ಪ್ಲಾಸ್ಟರ್ ಆಯಿತು ಎಂದು ಬರೆದಿಡಿ. ಆ ದಿನದ ಕೂಲಿಯನ್ನು ಅದರಿಂದ ಭಾಗಿಸಿ. ನೆಲಮಟ್ಟದ ಗೋಡೆಗೂ ಸಾರುವೆ ಕಟ್ಟಿ ಏರಿಸುವ ಗೋಡೆಗೂ ರೇಟು ಒಂದೇ ಬರುವುದಿಲ್ಲ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ಇದಕ್ಕೆಲ್ಲ ಮೇಲೆ ಮರೆತುಹೋಗುವ ಖರ್ಚುಗಳ ಒಂದು ಸಾಲು: ಜೆಸಿಬಿ ಗಂಟೆ, ನೀರಿನ ಟ್ಯಾಂಕರ್, ತಾತ್ಕಾಲಿಕ ಕರೆಂಟು, ಶೆಡ್ಡು, ರಾತ್ರಿ ಕಾವಲು, ಸಾಮಾನು ಇಳಿಸುವ ಹಮಾಲಿ, ಕಸ ಸಾಗಿಸುವ ಟ್ರ್ಯಾಕ್ಟರು, ನಿಮ್ಮ ಪೆಟ್ರೋಲು. ವ್ಯರ್ಥಕ್ಕೆ ಶೇ. 3ರಿಂದ 5. ಎಲ್ಲ ಕೂಡಿದ ಮೇಲೆ ನಿಮ್ಮ ಲಾಭ ಶೇ. 12-15 ಇಡಿ. ಅದಕ್ಕಿಂತ ಕಡಿಮೆಗೆ ಒಪ್ಪುವುದಾದರೆ ಒಂದು ಮೋಲ್ಡ್ ಮಳೆಗೆ ಸಿಕ್ಕರೂ ನಷ್ಟವೇ.

ಕರಾರು

ಬಾಂಡ್ ಪೇಪರಿನ ಮೇಲೆ ಎರಡು ಪುಟ ಸಾಕು. ವಕೀಲರ ಭಾಷೆ ಬೇಡ, ಅಳತೆಗಳು ಬೇಕು. ಹೆಚ್ಚಿನ ಜಗಳ ಏಳುವುದು "ಇದು ಚದರದ ರೇಟಿನಲ್ಲಿ ಸೇರಿದೆಯೋ ಇಲ್ಲವೋ" ಎಂಬುದರ ಮೇಲೆ. ಬಾಲ್ಕನಿ ಪೂರ್ತಿ ಲೆಕ್ಕವೋ ಅರ್ಧವೋ? ಮೆಟ್ಟಿಲ ಮೇಲಿನ ಹೆಡ್‌ರೂಮ್? ಸಜ್ಜ (ಕಿಟಕಿಯ ಮೇಲಿನ ಚಾಚು)? ಕಾಂಪೌಂಡ್ ರನ್ನಿಂಗ್ ಅಡಿಗೆ ಎಷ್ಟು? ಸಂಪ್ ಲೀಟರಿಗೆ ಎಷ್ಟು? 10x6x6 ಅಡಿಯ ಸಂಪ್‌ನಲ್ಲಿ 10,000 ಲೀಟರ್ ಹಿಡಿಯುತ್ತದೆ; ಒಳಅಳತೆಯೋ ಹೊರಅಳತೆಯೋ ಎಂದು ಬರೆಯದಿದ್ದರೆ ಗೋಡೆ ದಪ್ಪದಲ್ಲೇ ಸಾವಿರಾರು ಲೀಟರಿನ ವ್ಯತ್ಯಾಸ ಬಂದು ಕೂರುತ್ತದೆ.

ಸಾಮಾನಿನ ಬ್ರ್ಯಾಂಡು, ದರ್ಜೆ ಹೆಸರು ಹಿಡಿದು ಬರೆಯಿರಿ. ಟೈಲ್ಸ್, ಸ್ಯಾನಿಟರಿ, ನಲ್ಲಿ, ಮುಂಬಾಗಿಲು ಇವಕ್ಕೆ ಇಂತಿಷ್ಟು ರೂಪಾಯಿಯ ಮಿತಿ ಇಟ್ಟು, ಅದಕ್ಕಿಂತ ಮೇಲಿನದನ್ನು ಆರಿಸಿದರೆ ವ್ಯತ್ಯಾಸ ಮಾಲೀಕರದು ಎಂದಿಡಿ. ಅಂಗಡಿಯ ಬೆಳಕಿನಲ್ಲಿ ₹45ರ ಟೈಲ್ಸ್ ಯಾರಿಗೂ ಹಿಡಿಸುವುದಿಲ್ಲ.

ವಾಸ್ತುವಿಗೆ ಒಂದು ಕಲಮು ಬೇಕೇ ಬೇಕು. ಪ್ಲಿಂತ್ (ನೆಲಮಟ್ಟದ ಕಟ್ಟೆ) ಮುಗಿದ ಮೇಲೆ ಯಾರೋ ನೆಂಟರು ಬಂದು ಮೆಟ್ಟಿಲು ಈಶಾನ್ಯಕ್ಕೆ ಬಂತು, ಅಡುಗೆಮನೆ ಬಾಗಿಲು ಸರಿಯಿಲ್ಲ ಅಂದರೆ ಒಡೆಯುವುದು ಖಚಿತ. "ಮಾರ್ಕಿಂಗ್‌ಗೆ (ಪಾಯದ ಗುರುತು ಹಾಕುವುದಕ್ಕೆ) ಮುಂಚೆ ವಾಸ್ತು ತೋರಿಸಿಕೊಂಡು ಡ್ರಾಯಿಂಗಿಗೆ ಸಹಿ ಹಾಕುವುದು, ಆಮೇಲಿನ ಬದಲಾವಣೆಗೆ ಒಡೆಯುವ, ಕಟ್ಟುವ ಖರ್ಚು ಬೇರೆ" ಎಂದು ಸ್ಪಷ್ಟವಾಗಿ ಇರಲಿ. ಮಾಲೀಕರ ನಂಬಿಕೆಯನ್ನು ಗೌರವಿಸುವ ಸರಿಯಾದ ವಿಧಾನವೂ ಇದೇ. ಅವರಿಗೂ ಕಟ್ಟಿದ ಗೋಡೆ ಒಡೆಸುವ ನೋವು ತಪ್ಪುತ್ತದೆ.

ಎಕ್ಸ್‌ಟ್ರಾ ಕೆಲಸ ಯಾವುದೇ ಇರಲಿ, ಕೆಲಸಕ್ಕೆ ಮುಂಚೆ ಅಳತೆ, ರೇಟು ಬರೆದು ವಾಟ್ಸಾಪ್‌ನಲ್ಲಿ ಕಳಿಸಿ, "ಸರಿ" ಎಂಬ ಉತ್ತರ ಬಂದ ಮೇಲೆ ಶುರುಮಾಡಿ. ಕೊನೆಯಲ್ಲಿ ಒಟ್ಟಿಗೆ ನೋಡೋಣ ಎಂದ ಎಕ್ಸ್‌ಟ್ರಾಗಳ ಹಣ ಪೂರ್ತಿ ಬರುವುದು ಅಪರೂಪ. ಗುದ್ದಲಿ ಪೂಜೆ, ವಾಸಕಾಲು ಇಡುವ ಪೂಜೆ, ಮೋಲ್ಡ್ ದಿನದ ಊಟ ಯಾರ ಖರ್ಚು ಎಂಬುದನ್ನೂ ಬರೆಯಲು ಸಂಕೋಚ ಬೇಡ.

ಕಂತು ಎಲ್ಲಿ ಬೀಳಬೇಕು

ಲೆಕ್ಕ ಸುಲಭವಾಗಲಿ ಎಂದು ಚದರಡಿಗೆ ₹2,000 ಅಂದುಕೊಳ್ಳೋಣ. ನಮ್ಮ ಮನೆಗೆ ಒಟ್ಟು ₹18 ಲಕ್ಷ. ಮಾಲೀಕರು ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿರುತ್ತದೆ: ಅಡ್ವಾನ್ಸ್ ಶೇ. 10, ಪ್ಲಿಂತ್ ಮುಗಿದ ಮೇಲೆ ಶೇ. 15, ಮೋಲ್ಡ್ ಆದ ಮೇಲೆ ಶೇ. 20. ಕೇಳಲು ನ್ಯಾಯವಾಗಿದೆ. ಆದರೆ ಮೋಲ್ಡ್ ಬೀಳುವ ದಿನಕ್ಕೆ ಪಾಯ, ಗೋಡೆ, ಕಬ್ಬಿಣ, ಕಾಂಕ್ರೀಟು ಸೇರಿ ಒಟ್ಟು ವೆಚ್ಚದ ಶೇ. 45ರ ಹತ್ತಿರ ಆಗಿರುತ್ತದೆ, ಅಂದರೆ ₹8.1 ಲಕ್ಷ. ಬಂದಿರುವುದು ಶೇ. 25, ₹4.5 ಲಕ್ಷ. ಉಳಿದ ₹3.6 ಲಕ್ಷ ನಿಮ್ಮ ಕೈಯಿಂದ, ಅಂದರೆ ಅಂಗಡಿ ಸಾಲದಿಂದ. ಇಂಥ ಎರಡು ಸೈಟು ಒಟ್ಟಿಗೆ ನಡೆದರೆ ₹7 ಲಕ್ಷ ದಾಟುತ್ತದೆ. ಕೆಲಸ ಲಾಭದಲ್ಲೇ ಇದ್ದರೂ ಶನಿವಾರದ ಬಟವಾಡೆಗೆ ದುಡ್ಡಿಲ್ಲದ ಸ್ಥಿತಿ ಬರುವುದು ಹೀಗೆ.

ಕಂತನ್ನು ಖರ್ಚಿಗಿಂತ ಒಂದು ಹೆಜ್ಜೆ ಮುಂದೆ ತನ್ನಿ. ಮಾರ್ಕಿಂಗ್ ದಿನ ಶೇ. 15, ಪ್ಲಿಂತ್ ಮುಗಿದಾಗ ಶೇ. 15, ಸೆಂಟ್ರಿಂಗ್ ಬಡಿದು ಸರಳು ಕಟ್ಟಿ ಮುಗಿದಾಗ, ಕಾಂಕ್ರೀಟಿಗೆ ಮುಂಚೆ, ಶೇ. 20, ಸೆಂಟ್ರಿಂಗ್ ಬಿಚ್ಚಿದಾಗ ಶೇ. 15, ಪ್ಲಾಸ್ಟರ್ ಮುಗಿದಾಗ ಶೇ. 15, ನೆಲ ಹಾಕಿದಾಗ ಶೇ. 15, ಬೀಗದ ಕೈ ಕೊಡುವಾಗ ಶೇ. 5. ಹೀಗಾದರೆ ಮೋಲ್ಡ್ ದಿನಕ್ಕೆ ₹9 ಲಕ್ಷ ಬಂದಿರುತ್ತದೆ. ಮಾಲೀಕರಿಗೂ ಭಯ ಬೇಡ: ಸರಳು ಕಟ್ಟಿರುವುದನ್ನು ಅವರ ಇಂಜಿನಿಯರ್ ನೋಡಿ ಒಪ್ಪಿದ ಮೇಲೆ ಹಣ ಕೊಡಲಿ. ಬ್ಯಾಂಕ್ ಸಾಲದಲ್ಲಿ ಕಟ್ಟಿಸುವವರಾದರೆ ಬ್ಯಾಂಕಿನ ಬಿಡುಗಡೆಯ ಹಂತಗಳನ್ನು ಕೇಳಿಕೊಂಡು ಅದಕ್ಕೆ ಹೊಂದಿಸಿ. ಬ್ಯಾಂಕಿನ ಹಣ ಆದ ಕೆಲಸಕ್ಕೆ ಬರುತ್ತದೆ, ಆಗಬೇಕಾದ ಕೆಲಸಕ್ಕಲ್ಲ. ನಡುವಿನ ಅಂತರವನ್ನು ಮಾಲೀಕರ ಸ್ವಂತ ಹಣ ತುಂಬಬೇಕು.

ಒಂದು ಸೈಟಿನ ಅಡ್ವಾನ್ಸಿನಲ್ಲಿ ಇನ್ನೊಂದು ಸೈಟಿನ ಕಬ್ಬಿಣ ತರಬೇಡಿ. ಪ್ರತಿ ಸೈಟಿಗೂ ಒಂದು ನೋಟ್‌ಬುಕ್, ಬಲಪುಟದಲ್ಲಿ ಬಂದದ್ದು, ಎಡಪುಟದಲ್ಲಿ ಹೋದದ್ದು. ಭಾನುವಾರ ಬೆಳಗ್ಗೆ ಅರ್ಧ ಗಂಟೆ ಕೂತು ಕೂಡಿಸಿ.

ಜನ

ಪಕ್ಕಾ ಆಳುಗಳೆಂದು ಸಂಬಳಕ್ಕೆ ಇಟ್ಟುಕೊಳ್ಳಬೇಕಾದವರು ಇಬ್ಬರೇ: ಒಬ್ಬ ನಂಬಿಕೆಯ ಗಾರೆ ಮೇಸ್ತ್ರಿ, ಸೈಟಿನಲ್ಲೇ ಇರುವ ಒಂದು ಕಾವಲು ಕುಟುಂಬ. ಉಳಿದದ್ದೆಲ್ಲ ತುಂಡು ಗುತ್ತಿಗೆ. ಬಾರ್ ಬೆಂಡಿಂಗ್ (ಸರಳು ಬಗ್ಗಿಸಿ ಕಟ್ಟುವುದು) ಟನ್ನಿಗೆ, ಸೆಂಟ್ರಿಂಗ್ ಚದರಡಿಗೆ, ವೈರಿಂಗ್ ಪಾಯಿಂಟಿಗೆ, ಟೈಲ್ಸ್ ಚದರಡಿಗೆ. ಪ್ರತಿಯೊಂದಕ್ಕೂ ಇಬ್ಬರ ಫೋನ್ ನಂಬರ್ ಇರಲಿ. ಒಬ್ಬರೇ ಗತಿಯಾದರೆ ಅವರ ಮನೆ ಮದುವೆಗೆ ನಿಮ್ಮ ಸೈಟು ನಿಲ್ಲುತ್ತದೆ.

ಬೆಂಗಳೂರಿನ ಸೈಟುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ಬಹಳ. ಯುಗಾದಿಗೆ, ಊರ ಜಾತ್ರೆಗೆ, ಮುಂಗಾರು ಬಿತ್ತನೆಗೆ ಅವರು ಹೋಗಿಯೇ ಹೋಗುತ್ತಾರೆ. ತಡೆಯಲು ಹೋಗಿ ಮನಸ್ತಾಪ ಮಾಡಿಕೊಳ್ಳುವುದಕ್ಕಿಂತ ಮೋಲ್ಡನ್ನು ಯುಗಾದಿಗೆ ಹತ್ತು ದಿನ ಮುಂಚೆ ಮುಗಿಸಿ. ಅವರು ಊರಲ್ಲಿರುವ ದಿನಗಳು ಕ್ಯೂರಿಂಗಿಗೆ (ಕಾಂಕ್ರೀಟನ್ನು ನೀರಲ್ಲಿ ನೆನೆಸಿಡುವುದಕ್ಕೆ) ಸಿಗುತ್ತವೆ. ತಂಡದ ಮೇಸ್ತ್ರಿಗೆ ದೊಡ್ಡ ಮುಂಗಡ ಕೊಡಬೇಡಿ. ಒಂದು ವಾರದ ಬಟವಾಡೆಗಿಂತ ಹೆಚ್ಚು ಮುಂಗಡ ಹೋದರೆ ಆ ತಂಡ ನಿಮ್ಮ ಮಾತು ಕೇಳುವುದು ನಿಲ್ಲುತ್ತದೆ, ಕೆಲವೊಮ್ಮೆ ಬರುವುದೇ ನಿಲ್ಲುತ್ತದೆ. ಬಟವಾಡೆ ಮಾತ್ರ ಶನಿವಾರ ಸಂಜೆಗೆ ತಪ್ಪಬಾರದು. ವಾರಪೂರ್ತಿ ಬಿಸಿಲಲ್ಲಿ ದುಡಿದವರನ್ನು ಸಂತೆಗೆ ಬರಿಗೈಲಿ ಕಳಿಸುವ ಕಂಟ್ರಾಕ್ಟರ್ ಹತ್ತಿರ ಒಳ್ಳೆ ಕೆಲಸಗಾರ ಉಳಿಯುವುದಿಲ್ಲ.

18ರಿಂದ 60 ವರ್ಷದ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಆ ಕಾರ್ಡಿನ ಮೇಲೆ ವೈದ್ಯಕೀಯ, ಹೆರಿಗೆ, ಅಪಘಾತ, ಮಕ್ಕಳ ಓದಿನ ಸಹಾಯಧನ ಸಿಗುತ್ತದೆ. 90 ದಿನದ ದೃಢೀಕರಣಕ್ಕೆ ನಿಮ್ಮ ಸಹಿ ಬೇಕಾದಾಗ ಓಡಾಡಿಸಬೇಡಿ. ಹಾಜರಾತಿ ಪುಸ್ತಕ ಸರಿಯಾಗಿದ್ದರೆ ಐದು ನಿಮಿಷದ ಕೆಲಸ. ಜೊತೆಗೆ ಪ್ರತಿ ಸೈಟಿಗೂ ಡಬ್ಲ್ಯೂಸಿ ಪಾಲಿಸಿ, ಅಂದರೆ ಕಾರ್ಮಿಕ ಪರಿಹಾರ ವಿಮೆ, ಮಾಡಿಸಿ. ಸಾರುವೆಯಿಂದ ಒಬ್ಬರು ಬಿದ್ದರೆ ಪರಿಹಾರದ ಹೊಣೆ ನಿಮ್ಮ ಮೇಲೂ ಬರುತ್ತದೆ. ತುಂಡು ಗುತ್ತಿಗೆಯವರ ಆಳು ಎಂದು ಜಾರಿಕೊಳ್ಳಲು ಆಗದು. ಐದಡಿಗಿಂತ ಆಳದ ಗುಂಡಿಯ ಅಂಚಿನಲ್ಲಿ ಮಣ್ಣು ಗುಡ್ಡೆ ಹಾಕಿಸಬೇಡಿ, ಕನಿಷ್ಠ ಒಂದೂವರೆ ಮೀಟರ್ ದೂರ ಇರಲಿ. ಮಳೆ ಬಂದ ಮರುದಿನ ಪಾಯದ ಗುಂಡಿಗೆ ಆಳು ಇಳಿಸುವ ಮುಂಚೆ ನೀವೇ ಹೋಗಿ ಅಂಚು ನೋಡಿ.

ಸಾಮಾನು ಇಳಿಸಿಕೊಳ್ಳುವಾಗ

ಟಿಪ್ಪರ್ ಬಂದಾಗ ಮೊದಲ ಸಲ ಬಾಡಿಯ ಉದ್ದ, ಅಗಲ, ಎತ್ತರ ಅಳೆದು ಘನಅಡಿ ಬರೆದಿಡಿ. ಟನ್ ಲೆಕ್ಕದಲ್ಲಿ ಕೊಂಡರೆ ವೇಬ್ರಿಡ್ಜ್ ಚೀಟಿ ಇಲ್ಲದೆ ಇಳಿಸಿಕೊಳ್ಳಬೇಡಿ. ನೀರು ಸೋರುತ್ತಿರುವ ಎಂ ಸ್ಯಾಂಡ್ ಲಾರಿ ಎಂದರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ಕಬ್ಬಿಣದಲ್ಲಿ ಒಂದೊಂದು ಸೈಜಿನ ಐದೈದು ಸರಳು ತೂಗಿಸಿ ಮೇಲಿನ ತೂಕದ ಜೊತೆ ಹೋಲಿಸಿ. ಸಿಮೆಂಟ್ ಮೂಟೆಯ ಮೇಲಿನ ವಾರ, ವರ್ಷ ನೋಡಿ. ಮೂರು ತಿಂಗಳು ದಾಟಿದ್ದು ಬೇಡ. ಹಲಗೆ ಹಾಕಿ, ಗೋಡೆಯಿಂದ ಒಂದಡಿ ಬಿಟ್ಟು, ಹತ್ತು ಮೂಟೆಗಿಂತ ಎತ್ತರ ಪೇರಿಸದೆ ಇಡಿಸಿ. ಬ್ಲಾಕನ್ನು ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಟ್ಟು ನೋಡಿ. ಪುಡಿಯಾದರೆ ಲಾರಿ ವಾಪಸ್.

ಮೋಲ್ಡ್ ದಿನ

ಇಡೀ ಮನೆಯ ಹೆಸರು ನಿಲ್ಲುವುದೂ ಹೋಗುವುದೂ ಈ ಒಂದು ದಿನದಲ್ಲಿ. ಹಿಂದಿನ ಸಂಜೆಯೇ ಪೂರ್ತಿ ಪರೀಕ್ಷೆ ಆಗಬೇಕು. ಸರಳಿನ ಕೆಳಗೆ 20 ಎಂಎಂ ಕವರ್ ಬ್ಲಾಕು (ಸರಳನ್ನು ಶೀಟಿನಿಂದ ಎತ್ತಿ ಹಿಡಿಯುವ ತುಂಡು) ಇದೆಯೇ ಎಂದು ಮಂಡಿಯೂರಿ ನೋಡಿ. ಜಲ್ಲಿಕಲ್ಲು ಸಿಕ್ಕಿಸಿದ್ದರೆ ತೆಗೆಸಿ, ಕಾಂಕ್ರೀಟ್ ಸುರಿಯುವಾಗ ಅದು ಜಾರಿ ಸರಳು ಶೀಟಿಗೆ ತಾಗುತ್ತದೆ, ನಾಲ್ಕೈದು ವರ್ಷಕ್ಕೆ ತಾರಸಿಯ ಅಡಿ ತುಕ್ಕು ಬಿಟ್ಟು ಚಕ್ಕೆ ಏಳುತ್ತದೆ. ಈ ಕವರ್ ಭೀಮಿಗೆ 25, ಕಾಲಂಗೆ 40, ಪಾಯದ ಫುಟಿಂಗ್‌ಗೆ 50 ಎಂಎಂ. ಭೀಮು, ಕಾಲಂನ ಸರಳು ಸುತ್ತುವ ರಿಂಗಿನ ಕೊಕ್ಕೆ ಒಳಕ್ಕೆ 135 ಡಿಗ್ರಿ ಬಾಗಿರಲಿ. ಜಾಕಿಗಳು ಮಣ್ಣಿನ ಮೇಲೆ ನೇರ ನಿಂತಿದ್ದರೆ ಕೆಳಗೆ ಹಲಗೆ ಕೊಡಿಸಿ. ಕ್ಯೂರಿಂಗ್ ನೀರು ಇಳಿದು ಮಣ್ಣು ಕುಸಿದರೆ ಮೋಲ್ಡ್ ಬಾಗುತ್ತದೆ.

ಸಜ್ಜ ಮತ್ತು ಬಾಲ್ಕನಿಯ ಸರಳನ್ನು ಎರಡೆರಡು ಸಲ ನೋಡಿ. ಗೋಡೆಯಿಂದ ಹೊರಚಾಚುವ ಭಾಗದಲ್ಲಿ ಮುಖ್ಯ ಸರಳು ಮೇಲೆ ಇರಬೇಕು. ಕಟ್ಟುವಾಗ ಸರಿಯಾಗೇ ಇರುತ್ತದೆ; ಕಾಂಕ್ರೀಟ್ ಗ್ಯಾಂಗಿನವರು ಬಾಂಡ್ಲಿ ಹೊತ್ತು ಅದರ ಮೇಲೆ ಓಡಾಡಿದಾಗ ತುಳಿದು ಕೆಳಗೆ ಕೂರುತ್ತದೆ. ಸೆಂಟ್ರಿಂಗ್ ಬಿಚ್ಚಿದ ದಿನ ಸಜ್ಜ ಮುರಿದು ಬಿತ್ತು ಎಂದರೆ ಸಾಮಾನ್ಯವಾಗಿ ಕಾರಣ ಇದೇ. ಮೇಲಿನ ಸರಳಿಗೆ ಕುರ್ಚಿ (ಅದನ್ನು ಎತ್ತಿ ಹಿಡಿಯುವ ಬಗ್ಗಿಸಿದ ಸರಳು) ಕಟ್ಟಿಸಿ, ಓಡಾಡಲು ಹಲಗೆ ಹಾಕಿಸಿ, ಆ ಜಾಗ ಸುರಿಯುವಾಗ ನೀವೇ ಅಲ್ಲಿ ನಿಲ್ಲಿ.

ಅಳತೆಗೆ 12x12x15 ಇಂಚಿನ ಗೇಜ್ ಬಾಕ್ಸ್ ಮಾಡಿಸಿಕೊಳ್ಳಿ. ಅದು ಸರಿಯಾಗಿ 1.25 ಘನಅಡಿ, ಒಂದು ಮೂಟೆ ಸಿಮೆಂಟಿನಷ್ಟು. ಮೂಟೆಗೆ ಒಂದೂವರೆ ಬಾಕ್ಸ್ ಮರಳು, ಮೂರು ಬಾಕ್ಸ್ ಜಲ್ಲಿ. ಬಾಂಡ್ಲಿ ಲೆಕ್ಕದಲ್ಲಿ ಬೆಳಗ್ಗೆ ತುಂಬಿದ ಬಾಂಡ್ಲಿಗೂ ಮಧ್ಯಾಹ್ನ ದಣಿದಾಗ ತುಂಬಿದ ಬಾಂಡ್ಲಿಗೂ ಅಜಗಜಾಂತರ. ನೀರು ಮೂಟೆಗೆ 25ರಿಂದ 27 ಲೀಟರ್. ಐಎಸ್ 456 (ಕಾಂಕ್ರೀಟಿನ ಭಾರತೀಯ ಸ್ಟ್ಯಾಂಡರ್ಡ್) ಪ್ರಕಾರ ಎಂ20 ನಾಮಿನಲ್ ಮಿಕ್ಸ್‌ಗೆ 30 ಲೀಟರ್ ಮೀರುವಂತಿಲ್ಲ. ಗ್ಯಾಂಗಿನವರು ಸುಲಭವಾಗಿ ಹರಿಯಲಿ ಎಂದು ಬಕೆಟ್ ಮೇಲೆ ಬಕೆಟ್ ಸುರಿಯುತ್ತಾರೆ, ಅಲ್ಲಿಗೆ ಎಂ20 ಕಾಂಕ್ರೀಟು ಕಾಗದದ ಮೇಲಷ್ಟೇ ಉಳಿಯುತ್ತದೆ. ಮಿಕ್ಸರ್ ಪಕ್ಕದಲ್ಲಿ ಅಳತೆಯ ಕ್ಯಾನ್ ಇಟ್ಟು ಅಲ್ಲೊಬ್ಬರನ್ನು ನಿಲ್ಲಿಸಿ.

ಒಂದು ಮೂಟೆಯ ಮಿಕ್ಸರ್ ಗಂಟೆಗೆ 12ರಿಂದ 15 ಮೂಟೆ ತಿರುಗಿಸುತ್ತದೆ. 85 ಮೂಟೆಗೆ ಆರೇಳು ಗಂಟೆ, ಭೀಮು ಸೇರಿದರೆ ಇನ್ನೂ ಒಂದೆರಡು. ಬೆಳಗ್ಗೆ 7ಕ್ಕೆ ಮೊದಲ ಬ್ಯಾಚ್ ಬೀಳದಿದ್ದರೆ ಸಂಜೆ ಬ್ಯಾಟರಿ ಬೆಳಕಿನಲ್ಲಿ ಮಟ್ಟ ತೆಗೆಯಬೇಕಾಗುತ್ತದೆ. ಊಟಕ್ಕೆ ಎಲ್ಲರನ್ನೂ ಒಟ್ಟಿಗೆ ಬಿಡಬೇಡಿ. ಗಂಟೆಗಟ್ಟಲೆ ನಿಂತ ಅಂಚಿನಲ್ಲಿ ಹಳೆಯ ಕಾಂಕ್ರೀಟು ಹೊಸದರ ಜೊತೆ ಬೆಸೆಯದೆ, ಮುಂದೆ ಅದೇ ಗೆರೆಯಲ್ಲಿ ನೀರು ಸೋರುತ್ತದೆ. ಎರಡು ವೈಬ್ರೇಟರ್ ತರಿಸಿ, ಒಂದು ಕೆಟ್ಟೇ ಕೆಡುತ್ತದೆ ಎಂದುಕೊಂಡು. ಬಲಪರೀಕ್ಷೆಗೆ ಅದೇ ಕಾಂಕ್ರೀಟಿನ ಆರು ಕ್ಯೂಬ್ ತೆಗೆದಿಡಿ, ಮೂರು 7 ದಿನಕ್ಕೆ, ಮೂರು 28 ದಿನಕ್ಕೆ. ಆ ಲ್ಯಾಬ್ ವರದಿ ಮುಂದಿನ ಗಿರಾಕಿಗೆ ತೋರಿಸಲು ಯಾವ ಬ್ಯಾನರಿಗಿಂತ ಮೇಲು.

ಮರುದಿನ ಬೆಳಗ್ಗೆಯೇ ಗಾರೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಈಗ ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದು ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್, ಅದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್, ಬೇಸಿಗೆಯಲ್ಲಿ 14. ಓಪಿಸಿಗೆ (ಬೆರಕೆಯಿಲ್ಲದ ಸಾದಾ ಸಿಮೆಂಟಿಗೆ) 4.5 ಮೀಟರ್ ಒಳಗಿನ ಅಂತರದ ಸ್ಲ್ಯಾಬಿನ ಜಾಕಿಯನ್ನು 7 ದಿನಕ್ಕೆ, ಅದಕ್ಕಿಂತ ದೊಡ್ಡದನ್ನು 14 ದಿನಕ್ಕೆ ತೆಗೆಯಬಹುದು ಎನ್ನುತ್ತದೆ ಸ್ಟ್ಯಾಂಡರ್ಡ್. 6 ಮೀಟರ್ ಮೀರಿದ ಭೀಮಿಗೆ 21. ಪಿಪಿಸಿ ನಿಧಾನಕ್ಕೆ ಗಟ್ಟಿಯಾಗುವುದರಿಂದ ಚಿಕ್ಕ ಮನೆಗೂ 14 ದಿನಕ್ಕಿಂತ ಮುಂಚೆ ಬಿಚ್ಚದಿರುವುದು ಒಳ್ಳೆಯದು. ಸೆಂಟ್ರಿಂಗಿನವರು ಮುಂದಿನ ಸೈಟಿಗೆ ಶೀಟು ಬೇಕೆಂದು ಅವಸರ ಮಾಡುತ್ತಾರೆ. ಬಾಡಿಗೆ ಮಾತಾಡುವಾಗಲೇ 21 ದಿನಕ್ಕೆ ಒಪ್ಪಿಸಿಕೊಂಡಿದ್ದರೆ ಆ ಜಗಳ ಇರುವುದಿಲ್ಲ.

ಮತ್ತೆ ಮತ್ತೆ ಕರೆಸಿಕೊಳ್ಳುವ ಕೆಲಸಗಳು

ಮನೆ ಕೊಟ್ಟ ಮೇಲೆ ಬರುವ ದೂರಿನಲ್ಲಿ ಹೆಚ್ಚಿನವು ನೀರಿನವು. ಬಾತ್‌ರೂಮಿನ ಸಂಕನ್ (ತಗ್ಗಿಸಿ ಹಾಕಿದ) ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿ, ಪೈಪಿನ ಬಾಯಿ ಮುಚ್ಚಿ, 48 ಗಂಟೆ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ, ಆಮೇಲೆ ಟೈಲ್ಸ್. ತಾರಸಿಗೆ ಎಂಟಡಿಗೆ ಒಂದಿಂಚು ಇಳಿಜಾರು ನೀರಿನ ಬಾಯಿಯ ಕಡೆಗೆ. ಕಾಲಂ-ಬ್ಲಾಕು ಸೇರುವ ಗೆರೆಯಲ್ಲಿ ಪ್ಲಾಸ್ಟರ್‌ಗೆ ಮುಂಚೆ ಚಿಕನ್ ಮೆಶ್ (ತೆಳು ತಂತಿಬಲೆ) ಹೊಡೆಸದಿದ್ದರೆ ಮೊದಲ ಬೇಸಿಗೆಗೇ ಉದ್ದಕ್ಕೂ ಬಿರುಕು. ಗೋಡೆಯೊಳಗಿನ ಪೈಪು, ವೈರಿಂಗ್ ಮುಚ್ಚುವ ಮುಂಚೆ ಟೇಪು ಹಿಡಿದು ಫೋಟೋ ತೆಗೆದು ಮಾಲೀಕರಿಗೂ ಕಳಿಸಿ. ನಾಳೆ ಗೀಸರ್‌ಗೆ ಡ್ರಿಲ್ ಹೊಡೆಯುವವರು ನಿಮ್ಮನ್ನು ನೆನೆಯುತ್ತಾರೆ.

ಕೆಲಸದ ಕ್ಯಾಲೆಂಡರು, ಎರಡನೇ ಸೈಟು

ಆಷಾಢದಲ್ಲಿ, ಧನುರ್ಮಾಸದಲ್ಲಿ ಹೊಸ ಮನೆಗೆ ಗುದ್ದಲಿ ಪೂಜೆ ಮಾಡುವವರು ವಿರಳ. ಯುಗಾದಿ, ಅಕ್ಷಯ ತೃತೀಯ, ಶ್ರಾವಣದಲ್ಲಿ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ. ಬಿಡುವಿನ ತಿಂಗಳಿಗೆ ಪ್ಲಾಸ್ಟರ್, ಟೈಲ್ಸ್, ಬಣ್ಣದಂಥ ಒಳಗಿನ ಕೆಲಸ ಬೀಳುವ ಹಾಗೆ ಶುರುವಿನ ದಿನ ಇಟ್ಟುಕೊಳ್ಳಿ. ಕರಾವಳಿ, ಮಲೆನಾಡಿನಲ್ಲಿ ಜೂನ್ ಒಳಗೆ ಮೋಲ್ಡ್ ಬಿದ್ದಿರಲೇಬೇಕು.

ಮೊದಲ ಸೈಟಿನ ಸೆಂಟ್ರಿಂಗ್ ಬಿಚ್ಚಿ, ಅಲ್ಲಿಯವರೆಗಿನ ಅಂಗಡಿ ಬಾಕಿ ಪೂರ್ತಿ ತೀರಿ, ನಾಲ್ಕು ವಾರದ ಬಟವಾಡೆ ಖಾತೆಯಲ್ಲಿ ಉಳಿದಿದ್ದರೆ ಎರಡನೆಯದಕ್ಕೆ ಅಡ್ವಾನ್ಸ್ ತೆಗೆದುಕೊಳ್ಳಿ. ಎರಡು ಸೈಟಿನ ಮೋಲ್ಡ್ ಒಂದೇ ವಾರಕ್ಕೆ ಬರದಂತೆ ನೋಡಿಕೊಳ್ಳಿ. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ, ಟೆಂಡರು ಪೋರ್ಟಲ್, ಇಎಂಡಿ (ಟೆಂಡರಿಗೆ ಕಟ್ಟುವ ಠೇವಣಿ) ಇವೆಲ್ಲ ಆಮೇಲಿನ ಮಾತು: ಬಿಲ್ಲು ತಿಂಗಳುಗಟ್ಟಲೆ ತಡವಾದರೂ ಅಂಗಡಿಗೂ ಆಳಿಗೂ ತಪ್ಪದೆ ಕೊಡುವಷ್ಟು ಸ್ವಂತ ಹಣ ನಿಂತ ಮೇಲೆ, ಚಿಕ್ಕ ಚರಂಡಿ ಅಥವಾ ಶಾಲಾ ಕೊಠಡಿಯ ಕೆಲಸದಿಂದ ಶುರುಮಾಡಿ.